ಮಗಳಿಗೊಂದು ಪತ್ರ: ತಳದಲ್ಲಿ ಬಿರುಕು ಬಂದರೆ

ಪುಟ್ಟಿ,

ಕುಶಾಲನಗರದಲ್ಲಿ ನೀನು ಬಸ್ ಹತ್ತುವಾಗ "ನಿಮಗೆ ಎಲ್ಲದಕ್ಕೂ ಅವಸರ ಅಪ್ಪಾ" ಅಂದೆ. ನಾನು "ಅವಸರ ಮಾಡದೆ ನಿನ್ನ ಫೀಸು ಎಲ್ಲಿಂದ ಬರುತ್ತಿತ್ತು" ಅಂದುಬಿಟ್ಟೆ. ಆ ಮಾತು ಬೇಡಿತ್ತು. ಮನೆಗೆ ಬಂದು ಶೆಡ್ಡಿನಲ್ಲೇ ಕೂತೆ. ಅಮ್ಮ ತಂದಿಟ್ಟ ಎರಡು ಲೋಟ ಕಾಫಿಯೂ ಆರಿಹೋಯಿತು.

ಮೊದಲು ಕೆಲಸದ ವಿಷಯ. ನಿನ್ನ ಚೀಲದಲ್ಲಿರುವ ಬಟ್ಟಲಿನ ತಳದಲ್ಲಿ ನಾನು ತಪ್ಪು ಮಾಡಿದ್ದೇನೆ. ಮರದ ತುಂಡು ಅಂಟಿಸಿ ಮಾಡಿ, ಒಂದರ ಮೇಲೊಂದು ಜೋಡಿಸಿದ ಉಂಗುರಗಳೆಲ್ಲ ನಿನ್ನವು, ಅದರಲ್ಲಿ ಹುಳುಕು ಹುಡುಕುವ ಹಾಗೇ ಇಲ್ಲ. ಒಂದು ಉಂಗುರಕ್ಕೆ 12 ತುಂಡು, ಎರಡೂ ತುದಿ 15 ಡಿಗ್ರಿ ಓರೆ. ಒಂದೊಂದು ತುದಿಗೆ ಕಾಲು ಡಿಗ್ರಿ ತಪ್ಪಿದರೂ 24 ತುದಿ ಸೇರಿ 6 ಡಿಗ್ರಿ ಬಾಯಿ ಬಿಡುತ್ತದೆ. ನೀನು ಅರ್ಧರ್ಧ ಉಂಗುರ ಮಾಡಿಕೊಂಡು, ಗಾಜಿನ ಮೇಲೆ ಉಪ್ಪುಕಾಗದ ಹಾಸಿ ತುದಿ ಉಜ್ಜಿದೆ. ಜೋಡಿಸಿ ಕಿಟಕಿಗೆ ಹಿಡಿದರೆ ಸಂದಿನಲ್ಲಿ ಬೆಳಕೇ ಹಾಯಲಿಲ್ಲ. ಹಲಸಿನ ಹಳದಿ, ಅದರ ಮೇಲೆ ಅಜ್ಜಿಯ ಮುರಿದ ಮಂಚದ ಬೀಟೆ, ಇಟ್ಟಿಗೆ ಗೋಡೆಯ ಹಾಗೆ ಸಂದು ತಪ್ಪಿಸಿ. ನಾನು ಬರೀ "ಹ್ಞೂಂ" ಅಂದೆ. ಆಮೇಲೆ ಸಂತೆಯಲ್ಲಿ ನಾಲ್ಕು ಜನಕ್ಕೆ ಫೋಟೋ ತೋರಿಸಿದ್ದು ನಿನಗೆ ಗೊತ್ತಿಲ್ಲ.

ತಳಕ್ಕೆ ಸಿಲ್ವರ್ ಓಕಿನ ಇಡೀ ಬಿಲ್ಲೆ ಹಾಕಿ, ಸುತ್ತ ಫೆವಿಕಾಲ್ ಬಳಿದು ಕೂರಿಸಿದೆ. ಮರ ಉದ್ದಕ್ಕೆ ಹೆಚ್ಚು ಕಡಿಮೆ ಆಗುವುದಿಲ್ಲ, ಅಡ್ಡಕ್ಕೆ ಆಗುತ್ತದೆ. ಉಂಗುರದಲ್ಲಿ ಎಳೆ ಸುತ್ತಲೂ ಓಡುವುದರಿಂದ ಅದರ ಅಳತೆ ಅಲ್ಲಾಡುವುದಿಲ್ಲ. ಬಿಲ್ಲೆ ಮಾತ್ರ ಕುಗ್ಗುತ್ತದೆ. ನಮ್ಮ ಮಳೆಯಲ್ಲಿ ಊದಿಕೊಂಡ ಮರ ಅಹಮದಾಬಾದಿನ ಒಣಹವೆಗೆ ಹೋದರೆ ನಡುವೆ ಸೀಳುತ್ತದೆ. ಒಳಗೆ ಸುತ್ತ ಸಣ್ಣ ತೋಡು ಹೊಡೆದು, ಅಂಟಿಲ್ಲದೆ ಸಡಿಲ ಕೂರಿಸಬೇಕಿತ್ತು. ನನಗೆ ಗೊತ್ತಿತ್ತು. ನಿನ್ನ ಬಸ್ಸಿಗೆ ಎರಡೇ ದಿನ ಉಳಿದಿತ್ತು, ಅಷ್ಟೇ.

ಆ ಜುಲೈಯಲ್ಲೂ ಹೀಗೇ. ಹೋಮ್‌ಸ್ಟೇಯವರಿಗೆ ಬೆಳಿಗ್ಗೆ ಬಟ್ಟಲು ಕೊಡಬೇಕಿತ್ತು. ಅಂಟು ಹಾಕಿದ್ದು ಮಧ್ಯಾಹ್ನ. ಒಂದು ಇಡೀ ದಿನ ಬಿಡಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ರಾತ್ರಿಯೇ ಕಡೆಯೋಕೆ ಲೇತಿಗೆ, ಮರ ತಿರುಗಿಸುವ ಯಂತ್ರಕ್ಕೆ, ಹಾಕಿದೆ. ನೀನು ಟಾರ್ಚ್ ಹಿಡಿದು ಎದುರಿಗೆ ನಿಂತಿದ್ದೆ. ಉಳಿ ತಾಗಿದ್ದೇ ತಡ, ಟಪ್ ಅಂತ ಒಂದು ಸದ್ದು. ತೆಂಗಿನಕಾಯಿ ಒಡೆದ ಹಾಗೆ. ಟಾರ್ಚ್ ಬಿತ್ತು. ಅಂಟು ಬಿಟ್ಟ ಬೀಟೆ ತುಂಡು ಹಾರಿ ನಿನಗೆ ತಾಗಿತ್ತು. ನಿನ್ನ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಫೇಸ್ ಶೀಲ್ಡ್ ನನ್ನ ಮುಖದ ಮೇಲಿತ್ತು. ಶೆಡ್ಡಿನಲ್ಲಿ ಇದ್ದದ್ದು ಒಂದೇ, ಅದನ್ನು ನಾನು ಹಾಕಿಕೊಂಡಿದ್ದೆ. ಜೀಪಿನಲ್ಲಿ ನೀನು "ಬಟ್ಟಲು ಹೋಯ್ತಾ ಅಪ್ಪಾ" ಅಂತ ಕೇಳಿದೆ. ಅರ್ಧ ಇಂಚು ಕೆಳಗೆ ತಾಗಿದ್ದರೆ ಕಣ್ಣು. ಒಂದೇ ಇತ್ತು, ಹೌದು. ಆದರೆ ನನಗೆ ಹಾಕಿಕೊಂಡು ನಿನ್ನನ್ನು ಎದುರಿಗೆ ನಿಲ್ಲಿಸಿದೆನಲ್ಲ. ಆ ಬೀಟೆ ತುಂಡು ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ಮಳೆ ಜೋರಾದ ರಾತ್ರಿ ಆ ಸದ್ದು ಕೇಳಿದ ಹಾಗಾಗಿ ಎದ್ದು ಕೂರುತ್ತೇನೆ.

ಅಲ್ಲಿ ಮಾತ್ರ ಹಾಗೆ ಮಾಡಬೇಡ. ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡು. 10 ಇಂಚಿನ ಬಟ್ಟಲಾದರೆ ನಿಮಿಷಕ್ಕೆ 600 ಸುತ್ತಿಗಿಂತ ಕೆಳಗೇ ಶುರು ಮಾಡು. ತಿರುಗುವ ಮರದ ನೇರಕ್ಕೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು. ಕೂದಲು ಕಟ್ಟು. ಬೀಟೆಯ ಹುಡಿ ಮೂಗಿಗೆ ಆಗುವುದಿಲ್ಲ, ಮಾಸ್ಕ್ ಹಾಕು. ಮೇಷ್ಟ್ರು ಅವಸರ ಮಾಡಿದರೂ ಅಂಟು ಒಣಗಿಲ್ಲ ಅಂತ ಹೇಳು. ಊಟ ಬಿಡಬೇಡ. ನೋಡು, ಉಪದೇಶ ಬೇಡ ಅಂತಲೇ ಬರೆಯೋಕೆ ಕೂತದ್ದು.

ತಳ ಸೀಳಿದರೆ ಹುಡಿ ತುಂಬಿ ಮುಚ್ಚಬೇಡ. ಹುತ್ತರಿ ಹಬ್ಬಕ್ಕೆ ಬರುವಾಗ ತಾ. ನೀನೇ ಕಡೆದು ತೆಗೆದು ಬೇರೆ ಹಾಕು, ಟಾರ್ಚ್ ನಾನು ಹಿಡಿಯುತ್ತೇನೆ.

ಮಡಿಕೇರಿಯಿಂದ ಇನ್ನೊಂದು ಫೇಸ್ ಶೀಲ್ಡ್ ತಂದಿದ್ದೇನೆ. ಹೊಸದು ನಾಳೆ ನಿನ್ನ ಹೆಸರಿಗೆ ಪಾರ್ಸೆಲ್ ಹೋಗುತ್ತದೆ. ಪಟ್ಟಿ ದೊಡ್ಡದಾದರೆ ಎರಡು ತೂತು ಹಿಂದಕ್ಕೆ ಹಾಕಿಕೋ.

ಅಪ್ಪ