ಭಾನುವಾರದ ಚರ್ಚೆ: ತಾನೇ ನಾಯಕನೆಂದುಕೊಂಡ ಪೋಷಕ ಪಾತ್ರಗಳು

ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರ.

ನಮ್ಮ ಈ ತಿಂಗಳ ಚಿತ್ರಚರ್ಚೆಯು ಬರುವ ಭಾನುವಾರ ಸಂಜೆ 5 ಗಂಟೆಗೆ ಎಂದಿನ ವಾಚನಾಲಯದ ಮಹಡಿಯಲ್ಲಿ ನಡೆಯಲಿದೆ. ಕಥೆಯ ಅಂಚಿನಲ್ಲಿದ್ದೂ ತಾನೇ ನಾಯಕನೆಂದು ನಂಬಿರುವ ಪಾತ್ರಗಳು ಈ ಬಾರಿಯ ವಿಷಯ.

ಅಕಿರ ಕುರೊಸಾವಾ ಅವರ ‘ರಾಶೊಮೊನ್’ (1950) ಚಿತ್ರವನ್ನು ಎಲ್ಲರೂ ನೋಡಿಕೊಂಡು ಬರಬೇಕೆಂದು ವಿನಂತಿ. ಅದರ ಅವಧಿ ಒಂದೂವರೆ ಗಂಟೆಯೂ ಇಲ್ಲ. ಒಬ್ಬ ಸಮುರಾಯ್ ಯೋಧನ ಸಾವಿನ ಕಥೆಯನ್ನು ಹಲವರು ಬೇರೆ ಬೇರೆಯಾಗಿ ಹೇಳುವ ಚಿತ್ರವದು. ಆ ಯೋಧನೊಂದಿಗಿನ ತನ್ನ ಕಾಳಗವನ್ನು ದರೋಡೆಕೋರ ತಜೊಮಾರು ವಿಚಾರಣೆಯಲ್ಲಿ ಹೇಳುವಾಗ ಅವನದು ವೀರಾವೇಶವಾದರೆ, ಅದೇ ಕಾಳಗವನ್ನು ಸೌದೆ ಕಡಿಯುವವನು ಹೇಳುವಾಗ ಇಬ್ಬರ ಕೈಯೂ ನಡುಗುತ್ತದೆ, ಇಬ್ಬರೂ ಏದುಸಿರು ಬಿಡುತ್ತ ನೆಲದ ಮೇಲೆ ತೆವಳುತ್ತಾರೆ. ಈ ಎರಡು ದೃಶ್ಯಗಳನ್ನು ದಯವಿಟ್ಟು ಒಂದರ ಹಿಂದೆ ಒಂದರಂತೆ ಮತ್ತೊಮ್ಮೆ ನೋಡಿ. ಸ್ಥಳದಲ್ಲಿದ್ದ ಕಠಾರಿಯನ್ನು ತಾನೇ ತೆಗೆದುಕೊಂಡ ವಿಷಯವನ್ನು ಮುಚ್ಚಿಟ್ಟ ಸೌದೆಯವನನ್ನೂ ಪೂರ್ತಿ ನಂಬುವಂತಿಲ್ಲ, ನನಗಂತೂ ಅವನೇ ಹೆಚ್ಚು ಸ್ವಾರಸ್ಯಕರನಾಗಿ ಕಾಣುತ್ತಾನೆ.

ಸಮಯವಿದ್ದವರು ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಚಿತ್ರವನ್ನೂ ನೋಡಬಹುದು. ಮುಖ್ಯ ಪಾತ್ರವಾದ ರಿಚ್ಚಿಯ ಅಬ್ಬರದ ನಡುವೆ ಬದಿಗೆ ಸರಿಯುವ, ದೋಣಿ ರಿಪೇರಿ ಮಾಡುವ ‘ಮುನ್ನ’ ಎಂಬಾತ, ತನ್ನ ಅಧ್ಯಾಯ ಬಂದಾಗ ಪ್ರೇಮಕಥೆಯೊಂದರ ನಾಯಕನೇ ಆಗಿಬಿಡುತ್ತಾನೆ.

ಮಾತನಾಡಲು ಇಚ್ಛಿಸುವವರು ಯಾವುದೇ ಚಿತ್ರದ ಒಂದು ಪೋಷಕ ಪಾತ್ರವನ್ನು ಆರಿಸಿಕೊಂಡು, ಆ ಪಾತ್ರವೇ ‘ನಾನು’ ಎಂದು ಕಥೆ ಹೇಳುವಂತೆ ಮೂರು ನಿಮಿಷಕ್ಕೆ ಸಿದ್ಧಪಡಿಸಿಕೊಳ್ಳಿ. ಖಳನಾಯಕರು ಬೇಡ, ಅವರಿಗೆ ಪರದೆಯ ಮೇಲೆಯೇ ಬೇಕಾದಷ್ಟು ಮಾತು ಸಿಕ್ಕಿರುತ್ತದೆ. ಪಾತ್ರದ ಹೆಸರನ್ನು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ, ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಆರಿಸದಂತೆ ಸಹಕರಿಸಿ. ಕೇಳಲು ಮಾತ್ರ ಬರುವವರೂ ‘ಬರುತ್ತೇನೆ’ ಎಂದು ಉತ್ತರಿಸಿದರೆ ಕುರ್ಚಿಗಳ ವ್ಯವಸ್ಥೆಗೆ ಅನುಕೂಲವಾಗುತ್ತದೆ.