ಗಣಿ ಮುಚ್ಚಿದ ಮೇಲೂ ನಿಲ್ಲದ ಅಂತರ್ಜಲ ನಷ್ಟ: ಗಣಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನದಿಯ ಆಸುಪಾಸಿನ ಮೆಕ್ಕಲು ನೆಲದಲ್ಲಿ ಮರಳು ಮತ್ತು ಜಲ್ಲಿ ತೆಗೆಯಲು ಅನುಮತಿ ಕೊಡುವಾಗ ಧೂಳು, ಲಾರಿಗಳ ಓಡಾಟ, ರಾಜಧನ, ಗುಂಡಿಯ ಆಳ ಎಲ್ಲದರ ಬಗ್ಗೆಯೂ ಷರತ್ತು ಹಾಕುವುದು ರೂಢಿಯಲ್ಲಿದೆ. ನೀರಿನ ಮಾತು ಬಂದಾಗ ಮಾತ್ರ ಗುಂಡಿಯಿಂದ ಪಂಪ್ ಮಾಡಿ ಹೊರಹಾಕುವ ನೀರಿನ ಆಚೆಗೆ ಲೆಕ್ಕ ಸಾಗುವುದು ಅಪರೂಪ. ಜಲ್ಲಿ ತೆಗೆದು ಮುಗಿದ ಮೇಲೆ ಉಳಿಯುವ ತೆರೆದ ನೀರಿನ ಹರವು ವರ್ಷವರ್ಷವೂ ಅಂತರ್ಜಲವನ್ನು ಕಳೆಯುತ್ತಲೇ ಇರುತ್ತದೆ. ಆ ನಷ್ಟವನ್ನು ಯಾರು, ಎಲ್ಲಿಯವರೆಗೆ ತುಂಬಿಕೊಡಬೇಕೆಂಬುದು ಪರವಾನಗಿಗೆ ಸಹಿ ಬೀಳುವ ಮುಂಚೆಯೇ ತೀರ್ಮಾನವಾಗಬೇಕು ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಜಲ್ಲಿಯ ಪದರದೊಳಗಿನ ನೀರಿಗೆ ಮೇಲಿನ ಮಣ್ಣೇ ಹೊದಿಕೆ. ಬಿಸಿಲು, ಗಾಳಿ ಅದನ್ನು ನೇರವಾಗಿ ಮುಟ್ಟುವುದಿಲ್ಲ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಅಗೆದ ದಿನದಿಂದ ಆ ಹೊದಿಕೆ ಹೋಗುತ್ತದೆ. ಗುಂಡಿಯಲ್ಲಿ ಆವಿಯಾದಷ್ಟು ನೀರು ಸುತ್ತಲಿನ ಪದರದಿಂದ ಬಸಿದು ಬರುವುದರಿಂದ ಅಲ್ಲಿನ ಮಟ್ಟ ಹೆಚ್ಚು ಇಳಿದಂತೆ ಕಾಣುವುದಿಲ್ಲ. ನೋಡುವವರಿಗೆ ಅದೊಂದು ತುಂಬಿದ ಕೆರೆ. ಮಳೆಯಿಂದ ಸಿಗುವ ಪಾಲನ್ನು ಕಳೆದ ಮೇಲೂ ವರ್ಷಕ್ಕೆ ಒಂದು ಮೀಟರ್‌ನಷ್ಟು ನೀರು ಆವಿಯಾಗುವ ಹವಾಮಾನದಲ್ಲಿ 10 ಹೆಕ್ಟೇರ್ ಗುಂಡಿಯೊಂದು ಪ್ರತಿ ವರ್ಷ 1 ಲಕ್ಷ ಘನ ಮೀಟರ್, ಅಂದರೆ 10 ಕೋಟಿ ಲೀಟರ್ ನೀರನ್ನು ಕಳೆಯುತ್ತದೆ. ಗಣಿಗಾರಿಕೆ ಹತ್ತೋ ಹದಿನೈದೋ ವರ್ಷ ನಡೆದು ನಿಲ್ಲಬಹುದು, ಈ ನಷ್ಟಕ್ಕೆ ಅಂಥ ಕೊನೆಯಿಲ್ಲ.

ಇದರ ಜೊತೆಗೆ ಒಂದೇ ಸಲ ಆಗುವ ನಷ್ಟಗಳೂ ಇವೆ. ನೀರಿನೊಳಗಿಂದ ತೆಗೆದು ತೊಳೆದ ಜಲ್ಲಿ ತನ್ನೊಡನೆ ನೀರನ್ನು ಹೊತ್ತೊಯ್ಯುತ್ತದೆ. ತೂಕದ ಶೇ. 4ರಷ್ಟು ತೇವಾಂಶ ಎಂದು ಹಿಡಿದರೂ ಒಂದು ಲಕ್ಷ ಟನ್ ಜಲ್ಲಿಯ ಜೊತೆ 40 ಲಕ್ಷ ಲೀಟರ್ ನೀರು ಹೊರಟುಹೋಗುತ್ತದೆ. ದೊಡ್ಡದಾದರೂ ಲೆಕ್ಕದಿಂದ ಸುಲಭವಾಗಿ ಜಾರಿಹೋಗುವುದು ಮತ್ತೊಂದು ನಷ್ಟ. ನೆಲದೊಳಗಿನ ಒಂದು ಘನ ಮೀಟರ್ ಜಲ್ಲಿಯಲ್ಲಿ ನೀರಿಗೆ ಸಿಗುವುದು ಕಾಲು ಭಾಗದಷ್ಟೋ ಅದಕ್ಕಿಂತ ತುಸು ಹೆಚ್ಚೋ ಜಾಗ, ಉಳಿದದ್ದೆಲ್ಲ ಕಲ್ಲು. ಕಲ್ಲನ್ನು ತೆಗೆದ ಮೇಲೆ ಆ ಜಾಗವೂ ನೀರಿನಿಂದಲೇ ತುಂಬಬೇಕು. ಪಂಪ್ ನಿಲ್ಲಿಸಿ ಗುಂಡಿ ತುಂಬಲು ಬಿಟ್ಟಾಗ ಆ ನೀರು ಬರುವುದು ಅಕ್ಕಪಕ್ಕದ ಬಾವಿಗಳು ಮತ್ತು ನದಿ ನೆಚ್ಚಿಕೊಂಡಿರುವ ಅದೇ ಪದರದಿಂದ.

ಲೆಕ್ಕ ನ್ಯಾಯವಾಗಿರಬೇಕಾದರೆ ಗಣಿ ನಡೆಸುವವರಿಗೆ ಸಲ್ಲಬೇಕಾದ ವಿನಾಯಿತಿಯನ್ನೂ ಹೇಳಬೇಕು. ಆ ನೆಲದಲ್ಲಿ ಮೊದಲಿದ್ದ ಆಳಬೇರಿನ ಮರಗಳೂ ಹುಲ್ಲೂ ಅಂತರ್ಜಲವನ್ನು ಹೀರುತ್ತಿದ್ದರೆ ಅಷ್ಟನ್ನು ನಷ್ಟದಿಂದ ಕಳೆಯುವುದು ಸರಿ. ಪಂಪ್ ಮಾಡಿದ ನೀರು ನದಿಗೇ ಮರಳಿದರೆ ಅದನ್ನು ಪೂರ್ತಿ ನಷ್ಟವೆನ್ನಲಾಗದು, ನೆರೆಯ ಬಾವಿಗಳ ಮಟ್ಟ ಇಳಿದದ್ದಕ್ಕೆ ಪರಿಹಾರ ಬೇರೆಯಾಗಿ ನಿರ್ಧಾರವಾಗಬೇಕು. ಆದರೆ ಮೊದಲಿದ್ದ ಗಿಡಮರಗಳು, ಬಾವಿಗಳ ಮಟ್ಟ, ಇವುಗಳ ದಾಖಲೆಯನ್ನು ಅಗೆತಕ್ಕೆ ಮುಂಚೆಯೇ ಮಾಡಿಕೊಳ್ಳದಿದ್ದರೆ ಆಮೇಲೆ ಯಾವ ವಾದವನ್ನೂ ಸಾಬೀತುಪಡಿಸಲು ಸಾಧ್ಯವಿಲ್ಲ.

ಎಷ್ಟು ನೀರು ಎಂಬುದರಷ್ಟೇ ಮುಖ್ಯವಾದದ್ದು, ಎಲ್ಲಿ ಮತ್ತು ಯಾವಾಗ ಎಂಬುದು. ಗುಂಡಿಯ ನಷ್ಟ ನದಿಯನ್ನು ತಲುಪಲು ಸಮಯ ಬೇಕು. ಅದು ಪದರದ ಗುಣವನ್ನೂ ನದಿಗಿರುವ ದೂರವನ್ನೂ ಅವಲಂಬಿಸಿದೆ, ಮತ್ತು ಒಂದೇ ಬಗೆಯ ಪದರದಲ್ಲಿ ದೂರ ಎರಡು ಪಟ್ಟಾದರೆ ತಗಲುವ ಕಾಲ ನಾಲ್ಕು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಆವಿಯಾದದ್ದರ ಕೊರತೆ ನದಿಯಲ್ಲಿ ಕಾಣಿಸಿಕೊಳ್ಳುವುದು ಎಷ್ಟೋ ತಿಂಗಳುಗಳ ನಂತರ ಇರಬಹುದು. ಆದ್ದರಿಂದ ಮಳೆಗಾಲದಲ್ಲಿ ಒಂದಿಷ್ಟು ನೀರು ಬಿಟ್ಟು ವರ್ಷದ ಮೊತ್ತ ಸರಿಹೊಂದಿಸಿದರೆ ನಷ್ಟ ತುಂಬಿದಂತಾಗುವುದಿಲ್ಲ. ಕೊರತೆ ಬೀಳುವ ತಿಂಗಳಲ್ಲಿ, ತೊಂದರೆಗೊಳಗಾಗುವ ಬಳಕೆದಾರರಿಗಿಂತ ಮೇಲ್ಭಾಗದಲ್ಲಿ ಆ ನೀರು ನದಿಗೆ ಸೇರಬೇಕು. ನದಿಯಿಂದ ದೂರದಲ್ಲಿ ಇಂಗುಗುಂಡಿ ಮಾಡಿ ನೀರಿಳಿಸುವುದೂ ಒಂದು ದಾರಿಯೇ, ಅದು ನದಿ ತಲುಪುವ ಕಾಲವನ್ನೂ ಇದೇ ರೀತಿ ಲೆಕ್ಕ ಹಾಕಿದ್ದರೆ.

ಇದು ಆಚರಣೆಗೆ ಬಾರದ ಬೇಡಿಕೆಯಲ್ಲ. ಅಮೆರಿಕದ ಕೊಲರಾಡೊ ರಾಜ್ಯದ ಸುಪ್ರೀಂ ಕೋರ್ಟ್, ಅಂತರ್ಜಲವನ್ನು ತೆರೆದಿಡುವ ಜಲ್ಲಿ ಗುಂಡಿಯನ್ನು ಕಾನೂನಿನ ದೃಷ್ಟಿಯಲ್ಲಿ ಬಾವಿಯೆಂದೇ ಪರಿಗಣಿಸಬೇಕೆಂದು 1988ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷವೇ ಶಾಸನಸಭೆ ಕಾಯ್ದೆ ಮಾಡಿತು. 1980ರ ಡಿಸೆಂಬರ್ 31ಕ್ಕೆ ಮೊದಲೇ ತೆರೆದುಕೊಂಡಿದ್ದ ನೀರಿನ ಹರವಿಗೆ ವಿನಾಯಿತಿ ಸಿಕ್ಕಿತು. ಆಮೇಲಿನವು ನಷ್ಟ ತುಂಬುವ ಯೋಜನೆಗೆ ಒಪ್ಪಿಗೆ ಪಡೆಯಬೇಕಾಯಿತು. ಆ ವಿನಾಯಿತಿ ಉದಾರವಾಯಿತೆಂದೇ ನನ್ನ ಅನಿಸಿಕೆ, ಆದರೂ ಗೆರೆಯನ್ನು ಕಾಯ್ದೆಯೇ ಎಳೆದದ್ದು ಒಳ್ಳೆಯದಾಯಿತು. 2010ರಲ್ಲಿ ಅಲ್ಲಿನ ಗಣಿ ನಿಯಂತ್ರಣ ವಿಭಾಗ ಇನ್ನೊಂದು ಹೆಜ್ಜೆ ಮುಂದಿಟ್ಟು, ತೆರೆದ ನೀರಿನ ದೀರ್ಘಕಾಲದ ಹೊಣೆಯನ್ನೂ ಪುನಶ್ಚೇತನದ, ಅಂದರೆ ಗಣಿ ಮುಗಿದ ಮೇಲೆ ನೆಲವನ್ನು ಸರಿಪಡಿಸುವ ಕೆಲಸದ, ಖಾತರಿ ಠೇವಣಿಯೊಳಗೆ ಸೇರಿಸಬೇಕೆಂದು ಗಣಿದಾರರಿಗೆ ತಿಳಿಸಿತು.

ಈ ಕೊನೆಯ ಹೆಜ್ಜೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು. ಜಲ್ಲಿ ಮಾರಿ ಬರುವ ಹಣ ಇರುವವರೆಗೆ ಬದಲಿ ನೀರು ಕೊಳ್ಳುವುದು ಕಂಪನಿಗೆ ಕಷ್ಟವಲ್ಲ. ಗಣಿ ಬರಿದಾದ ಮೇಲೆ ಕಂಪನಿ ಮುಚ್ಚಬಹುದು, ಜಮೀನು ಕೈ ಬದಲಾಗಬಹುದು. ಆಗ ಗುಂಡಿಯನ್ನು ಮಣ್ಣಿನಿಂದ ಅಂತರ್ಜಲ ಮಟ್ಟದ ಮೇಲಕ್ಕೆ ತುಂಬುವುದಕ್ಕೋ, ಸುತ್ತ ಜೇಡಿಮಣ್ಣಿನ ತಡೆಗೋಡೆಯನ್ನು ತಳದ ಬಂಡೆಯವರೆಗೆ ಇಳಿಸಿ ಪದರದಿಂದ ಬೇರ್ಪಡಿಸುವುದಕ್ಕೋ, ಶಾಶ್ವತವಾಗಿ ಬದಲಿ ನೀರು ಒದಗಿಸುವುದಕ್ಕೋ ಹಣ ಮೊದಲೇ ಕಟ್ಟಿರದಿದ್ದರೆ ಭಾರ ಬೀಳುವುದು ಕೆಳಭಾಗದ ಬಳಕೆದಾರರ ಮೇಲೆ. ತಡೆಗೋಡೆಯನ್ನು ಆರಿಸಿಕೊಂಡವರು ಸೋರಿಕೆ ಪರೀಕ್ಷೆಯಲ್ಲಿ ಗೆಲ್ಲಬೇಕು; ಗೋಡೆ ಅಂತರ್ಜಲದ ಹರಿವಿಗೆ ಅಡ್ಡಬಂದು ಒಂದು ಬದಿಯ ನೆಲ ಜೌಗಾಗುವ, ಇನ್ನೊಂದು ಬದಿಯ ಬಾವಿ ಬತ್ತುವ ಸಾಧ್ಯತೆಯನ್ನೂ ಮೊದಲೇ ಪರಿಶೀಲಿಸಬೇಕು. ಗುಂಡಿಯನ್ನು ಸುಮ್ಮನೆ ತುಂಬಲು ಬಿಟ್ಟು ವಿಹಾರದ ಕೆರೆ ಎಂದು ಹೆಸರಿಟ್ಟು ಪುನಶ್ಚೇತನ ಮುಗಿಯಿತೆಂದು ವರದಿ ಬರೆಯುವುದನ್ನು ದಯವಿಟ್ಟು ಒಪ್ಪಬೇಡಿ.

ಮುಂದಿನ ಪರವಾನಗಿಗಳಿಗೆ ತೆರೆದ ನೀರಿನ ವಿಸ್ತೀರ್ಣದ ಗರಿಷ್ಠ ಮಿತಿ, ತಿಂಗಳುವಾರು ನಷ್ಟ ಮತ್ತು ಬದಲಿ ನೀರಿನ ಲೆಕ್ಕ, ಅದು ಸಾರ್ವಜನಿಕರ ಕೈಗೆ ಸಿಗುವ ವ್ಯವಸ್ಥೆ, ನಷ್ಟದ ಶಾಶ್ವತ ಹೊಣೆಗೆ ಸಾಕಾಗುವ ಠೇವಣಿ ಇವನ್ನು ಕಡ್ಡಾಯ ಷರತ್ತುಗಳಾಗಿ ಸೇರಿಸಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಈಗಾಗಲೇ ನಡೆಯುತ್ತಿರುವ ಗಣಿಗಳಿಗೆ ಇದೇ ಲೆಕ್ಕ ಸಲ್ಲಿಸಲು ಒಂದು ವರ್ಷದ ಗಡುವು ಸಾಕು.

ಇಂತಿ ತಮ್ಮ ವಿಶ್ವಾಸಿ,
ಅಂತರ್ಜಲವನ್ನು ನಂಬಿ ಬದುಕುವ ಒಬ್ಬ ನಾಗರಿಕ