ಐಸ್ ಪ್ಯಾಕ್ ಬೆವರುವ ಮುನ್ನ ಜೀಪು ಹೊರಡದಿರಲಿ: ಚಿಕ್ಕಮಗಳೂರು ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಏಕೆ ಬೇಕು ಎಂದು ತಮಗೆ ಹೇಳಬೇಕಾಗಿಲ್ಲ. ಪಿಎಚ್‌ಸಿಯ ಫ್ರಿಜ್ಜಿನಿಂದ ಹುಡುಗಿಯ ತೋಳಿನವರೆಗೆ ಅದು ಹೇಗೆ ತಲುಪಬೇಕು ಎಂಬುದಷ್ಟೇ ಈ ಪತ್ರದ ವಿಷಯ. ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳನ್ನು ಒಂದೇ ಮೇಜಿಗೆ ಕರೆಸಬಲ್ಲವರು ತಾವು, ಹಾಗಾಗಿ ತಮಗೇ ಬರೆಯುತ್ತಿದ್ದೇವೆ.

ಈ ಕ್ಯಾನ್ಸರಿನ ಸುಮಾರು 70 ಶೇಕಡಾ ಪ್ರಕರಣಗಳಿಗೆ ಎಚ್‌ಪಿವಿ ಎಂಬ ವೈರಸ್‌ನ 16 ಮತ್ತು 18ನೇ ಬಗೆಗಳೇ ಕಾರಣ. ಲಸಿಕೆ ಸೋಂಕು ತಗುಲದಂತೆ ತಡೆಯುತ್ತದೆ, ತಗುಲಿದ್ದನ್ನು ವಾಸಿ ಮಾಡುವುದಿಲ್ಲ. ಅದಕ್ಕೇ 9ರಿಂದ 14 ವರ್ಷದೊಳಗೆ ಹಾಕಬೇಕು. 20 ವರ್ಷದವರೆಗಿನ ಹುಡುಗಿಯರಿಗೆ ಒಂದು ಡೋಸೂ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಒಪ್ಪಿದೆ. ಎಚ್‌ಐವಿ ಇರುವವರೂ ಸೇರಿದಂತೆ ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಒಂದೇ ಡೋಸು ಎಂದರೆ ಖರ್ಚು ಕಡಿಮೆ, ನಿಜ. ಆದರೆ ಆ ಒಂದು ಡೋಸು ಕೆಟ್ಟಿದ್ದರೆ ಸರಿಪಡಿಸಲು ಹಿಂದೆ ಇನ್ನೊಂದು ಬರುವುದಿಲ್ಲ.

ಮಲೆನಾಡಿನಲ್ಲಿ ಎಲ್ಲರಿಗೂ ಕರೆಂಟ್ ಹೋಗುವುದರದೇ ಚಿಂತೆ. ನಮಗೆ ಅದಕ್ಕಿಂತ ಹೆಚ್ಚಿನ ಭಯ ಲಸಿಕೆ ಅತಿಯಾಗಿ ತಣ್ಣಗಾಗುವುದರದು. ಈ ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದರಲ್ಲಿನ ಅಲ್ಯೂಮಿನಿಯಂ ಲವಣ ಗಂಟುಕಟ್ಟಿ ಶಕ್ತಿ ಹೋಗುತ್ತದೆ. ಕರಗಿದ ಮೇಲೆ ನೋಡಲು ಬಹುಪಾಲು ಮೊದಲಿನಂತೆಯೇ ಇರುತ್ತದೆ. ವಯಲ್ (ಲಸಿಕೆಯ ಪುಟ್ಟ ಸೀಸೆ) ಮೇಲಿನ, ಬಿಸಿಗೆ ಬಣ್ಣ ಬದಲಿಸುವ ವಿವಿಎಂ ಚೌಕ ಬಿಸಿ ತಗುಲಿದ್ದನ್ನು ಹೇಳುತ್ತದೆಯೇ ಹೊರತು ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ.

ಹೆಪ್ಪುಗಟ್ಟುವುದು ಹೆಚ್ಚಾಗಿ ಕ್ಯಾರಿಯರ್‌ನಲ್ಲಿ, ಅಂದರೆ ಲಸಿಕೆ ಒಯ್ಯುವ ಪೆಟ್ಟಿಗೆಯಲ್ಲಿ. ಡೀಪ್ ಫ್ರೀಜರಿನಿಂದ ತೆಗೆದ ನಾಲ್ಕು ಐಸ್ ಪ್ಯಾಕ್‌ಗಳನ್ನು ಹಾಗೇ ತುಂಬಬಾರದು. ಮೇಜಿನ ಮೇಲೆ ಹರಡಿಟ್ಟು, ಮೈ ಬೆವರಿ, ಕಿವಿ ಹತ್ತಿರ ಅಲುಗಾಡಿಸಿದಾಗ ಒಳಗೆ ನೀರು ಕುಲುಕುವವರೆಗೆ ಕಾಯಬೇಕು. ಡಿಸೆಂಬರ್‌ನ ಕೊಪ್ಪ, ಶೃಂಗೇರಿ, ಮೂಡಿಗೆರೆಯ ಚಳಿಯಲ್ಲಿ ಇದಕ್ಕೆ ಬಯಲುಸೀಮೆಯ ಕಡೂರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಏಳು ಗಂಟೆಗೆ ಜೀಪು ಹೊರಡಬೇಕೆಂದು ಆದೇಶವಿದ್ದರೆ ಯಾರೂ ಕಾಯುವುದಿಲ್ಲ. ಆದೇಶದಲ್ಲಿ ಗಂಟೆ ಬರೆಯಬೇಡಿ, ‘ಪ್ಯಾಕ್ ಕುಲುಕಿದ ಮೇಲೆ’ ಎಂದು ಬರೆಯಿರಿ. ಅನುಮಾನವಿದ್ದರೆ ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಗಟ್ಟಿ ಮಾಡಿ, ಕರಗಿಸಿ, ಅದನ್ನೂ ಅನುಮಾನದ ವಯಲನ್ನೂ ಅಲುಗಾಡಿಸಿ ಪಕ್ಕಪಕ್ಕ ಇಡಬೇಕು. ಅನುಮಾನದ ವಯಲಿನಲ್ಲೂ ಗಸಿ ಅಷ್ಟೇ ಬೇಗ ತಳಕ್ಕಿಳಿದರೆ ಎಸೆಯಬೇಕು. ಹೀಗೆ ಒಂದು ವಯಲ್ ಕಳೆದದ್ದಕ್ಕೆ ಸಿಬ್ಬಂದಿಗೆ ನೋಟಿಸ್ ಹೋಗಬಾರದು.

ದಿನಾಂಕದ ಮಾತು. ಆರಿದ್ರೆಯಿಂದ ಆಶ್ಲೇಷ ಮಳೆವರೆಗೆ ಮಲೆನಾಡಿನಲ್ಲಿ ಶಿಬಿರ ಇಟ್ಟರೆ ಅರ್ಧ ದಿನಗಳು ಮಳೆ ರಜೆಗೇ ಹೋಗುತ್ತವೆ. ನವೆಂಬರ್‌ನಿಂದ ಜನವರಿ ಒಳ್ಳೆಯದು, ಕಾಫಿ ಕೊಯ್ಲಿಗೆ ಹೊರಗಿನಿಂದ ಬಂದ ಕುಟುಂಬಗಳೂ ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿ ಸಿಗುತ್ತವೆ. ಅವರ ಹೆಣ್ಣುಮಕ್ಕಳ ಹೆಸರು ನಮ್ಮ ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ಶಾಲೆಯ ಪಟ್ಟಿ ಹಿಡಿದು ಹೊರಟರೆ ಬಿಟ್ಟುಹೋಗುವವರು ಅವರೇ. ಸಂತೆ ದಿನ ಬಹುತೇಕ ತೋಟಗಳಿಗೆ ರಜೆ, ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ. ಸಂತೆಗೆ ಹೊರಡುವ ಮುನ್ನವೇ ಲೈನ್‌ಗೆ ಹೋಗಿ, ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಪಡೆದು, ಅಲ್ಲೇ ಹಾಕಲಿ. ನೆಟ್‌ವರ್ಕ್ ಇಲ್ಲದ ಕಡೆ ನೋಂದಣಿಯ ಒಟಿಪಿಗೆ ಕಾಯದೆ ಕಾಗದದಲ್ಲಿ ಬರೆದುಕೊಂಡು ಸಂಜೆ ಕಂಪ್ಯೂಟರಿಗೆ ಏರಿಸಿದರಾಯಿತು.

ಶಾಲೆಯಲ್ಲಿ ತಲೆಸುತ್ತಿ ಬೀಳುವ ಹುಡುಗಿಯರಿಂದಲೇ ಗಾಳಿಮಾತು ಹುಟ್ಟುವುದು. ಸೂಜಿಯ ಭಯ, ಖಾಲಿ ಹೊಟ್ಟೆ, ಮುಂದಿನವಳು ಬಿದ್ದದ್ದನ್ನು ಸಾಲಿನಲ್ಲಿ ನಿಂತು ನೋಡಿದ್ದು: ಬಹುಪಾಲು ಕಾರಣ ಇಷ್ಟೇ. ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಕೂರಿಸಿ ಹಾಕಬೇಕು. ತೋಳಿನ ಮೇಲ್ಭಾಗದ ಸ್ನಾಯುವಿಗೆ 0.5 ಮಿ.ಲೀ. ಆಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ. ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇರುವ ಕಿಟ್ ಅದೇ ಕೋಣೆಯಲ್ಲಿರಲಿ, ಜೀಪಿನಲ್ಲಲ್ಲ. ‘ಮುಂದೆ ಮಕ್ಕಳಾಗುತ್ತಾ?’ ಎಂದು ತಾಯಂದಿರು ಕೇಳಿಯೇ ಕೇಳುತ್ತಾರೆ. ಬಂಜೆತನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆಶಾ ಕಾರ್ಯಕರ್ತೆ ಹಿಂದಿನ ವಾರವೇ ಹೇಳಿರಬೇಕು. ಜೊತೆಗೆ, 30 ದಾಟಿದ ಆ ತಾಯಂದಿರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕೆಂಬುದನ್ನೂ.

ಕೊನೆಗೆ, ಕ್ಯಾನ್ಸರ್ ತಡೆಯುವ ಇನ್ನೊಂದು ಲಸಿಕೆ ಬಹಳ ವರ್ಷದಿಂದ ಅದೇ ಫ್ರಿಜ್ಜಿನಲ್ಲಿದೆ: ಹೆಪಟೈಟಿಸ್ ಬಿ. ಹೆರಿಗೆಯ ಹೊತ್ತಿನಲ್ಲಿ ಸೋಂಕು ತಗುಲಿದ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತಕ್ಕೆ ಅದು ದೀರ್ಘಕಾಲ ಉಳಿಯುತ್ತದೆ, ಮುಂದೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. ಮೊದಲ ಡೋಸು 24 ಗಂಟೆಯೊಳಗೆ ಬೀಳಬೇಕು. ಶನಿವಾರ ರಾತ್ರಿ ಹುಟ್ಟಿದ ಮಗುವಿಗೆ ಸೋಮವಾರ ಬೀಗ ತೆಗೆಯುವವರೆಗೆ ಲಸಿಕೆ ಇಲ್ಲವೆಂದರೆ ಏನು ಬಂತು? ಒಂದು ಮಗುವಿಗಾಗಿ ಹತ್ತು ಡೋಸಿನ ವಯಲ್ ಒಡೆಯಲು ಹಿಂಜರಿಯುವುದೂ ಬೇಡ. ತೆರೆದ ದಿನ, ಸಮಯ ಬರೆದು ಸರಿಯಾಗಿಟ್ಟರೆ 28 ದಿನ ಬಳಸಲು ನಿಯಮವೇ ಇದೆ. ಫ್ರಿಜ್ಜಿನ ಎರಡನೇ ಕೀಲಿ ರಾತ್ರಿ ಪಾಳಿಯ ನರ್ಸ್ ಬಳಿ ಇರುವಂತೆ ಮಾಡಿ. ಹೆರಿಗೆ ರಿಜಿಸ್ಟರಿನಲ್ಲಿ ಮಗು ಹುಟ್ಟಿದ ಸಮಯದ ಪಕ್ಕದಲ್ಲೇ ಲಸಿಕೆ ಹಾಕಿದ ಸಮಯವನ್ನೂ ಬರೆಸಿ, ಆ ಪುಟವನ್ನು ತಮ್ಮ ಮಾಸಿಕ ಪ್ರಗತಿ ಪರಿಶೀಲನಾ ಸಭೆಗೆ ತರಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿಗಳು,
ಜಿಲ್ಲೆಯ ಕೆಲವು ವೈದ್ಯರು ಮತ್ತು ಲಸಿಕೆ ಹಾಕುವ ಸಿಬ್ಬಂದಿ
ಚಿಕ್ಕಮಗಳೂರು